ಅಣ್ಣನಿಗೆ ಮೊದಲು ಕುಡಿತ ಬಿಡಿಸಬೇಕಾ, ಮನಸ್ಸಿನ ಕಾಯಿಲೆಗೆ ತೋರಿಸಬೇಕಾ?

ತಿಪಟೂರಿನ ತಂಗಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಣ್ಣನಿಗೆ ನಲವತ್ತರ ಹತ್ತಿರ ವಯಸ್ಸು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾನೆ. ಮೊದಲು ಹರಾಜಿನ ದಿನ ಸ್ನೇಹಿತರ ಜೊತೆ ಕುಡೀತಿದ್ದ, ಅಷ್ಟೇ. ಅಪ್ಪ ತೀರಿಕೊಂಡ ಮೇಲೆ ದಿನಾ ಆಯ್ತು. ಈಗ ಬೆಳಗ್ಗೆ ಎದ್ದ ಕೂಡಲೇ ಒಂದು ಟೆಟ್ರಾ ಪ್ಯಾಕ್ ಒಳಗೆ ಹೋಗದಿದ್ದರೆ ಕೈ ನಡುಗಿ ಪುಸ್ತಕದಲ್ಲಿ ಒಂದು ಅಂಕಿ ಬರೆಯೋಕೂ ಆಗಲ್ಲ. ರಾತ್ರಿಗೆ ಎರಡು ಕ್ವಾರ್ಟರ್ ಬೇಕೇ ಬೇಕು.

ಕುಡಿದಾಗ ಗಲಾಟೆ ಮಾಡೋನಲ್ಲ. ಮೂಲೆಯಲ್ಲಿ ಕೂತು ಅಳ್ತಾನೆ. ನಾಲ್ಕು ದಿನ ಬಿಟ್ಟಾಗಲೂ ನಿದ್ದೆ ಇಲ್ಲ, ಊಟ ಇಲ್ಲ, "ನಾನಿದ್ದು ಯಾರಿಗೆ ಏನು ಪ್ರಯೋಜನ" ಅಂತಾನೆ. ಆ ಮಾತು ಕೇಳಿದಾಗಿಂದ ನನಗೆ ನಿದ್ದೆ ಇಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಾವ ಹೇಳ್ತಾರೆ, ಕುಡಿತ ಬಿಟ್ಟರೆ ಎಲ್ಲಾ ತಾನಾಗೇ ಸರಿಹೋಗತ್ತೆ, ಶಿಬಿರಕ್ಕೆ ಹಾಕಿ ಅಂತ. ಅತ್ತಿಗೆ ಹೇಳ್ತಾರೆ, ಇದು ಡಿಪ್ರೆಶನ್ನು, ಅದಕ್ಕೆ ತೋರಿಸಿದರೆ ಕುಡಿತ ಬಿಡ್ತಾರೆ ಅಂತ. ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟು "ಮೊದಲು ಕುಡಿಯೋದು ನಿಲ್ಲಿಸಿ, ಆಮೇಲೆ ಬನ್ನಿ" ಅಂದರು. ಅಮ್ಮ ಅಂತೂ ಯಾರೋ ಹೇಳಿದ ಪುಡಿ ತರಿಸಿ ಸಾರಲ್ಲಿ ಬೆರೆಸೋಣ ಅಂತಿದ್ದಾರೆ. ಯಾವುದು ಸರಿ? ಎಲ್ಲಿಗೆ ಕರೆದುಕೊಂಡು ಹೋಗಲಿ?

ವಾರ್ಡ್ ಸಿಸ್ಟರ್ (ಧಾರವಾಡ ಕಡೆ)
ತಂಗೆವ್ವಾ, ಮೊದಲ ಒಂದು ಮಾತು. ಮನ್ಯಾಗ ಅವರನ್ನ ಒಮ್ಮೆಲೆ ಕುಡ್ಯೂದು ಬಿಡಸಾಕ ಹೋಗಬ್ಯಾಡ್ರಿ. ಮುಂಜಾನೆ ಕೈ ನಡುಗತಾವ ಅಂದ್ರ ದೇಹ ಮದ್ಯಕ್ಕ ಹೊಂದಿಕೊಂಡೈತಿ ಅಂತ ಅರ್ಥ. ಕೋಣ್ಯಾಗ ಹಾಕಿ ಕೀಲಿ ಹಾಕಿದ್ರ ಜೀವಕ್ಕ ಕುತ್ತು ಬರಬಹುದು. ಇದು ಹೆದರಸಾಕ ಹೇಳೂದಲ್ಲ. ಡಿ-ಅಡಿಕ್ಷನ್ ವಾರ್ಡಿನ್ಯಾಗ ಬಾಳ ವರ್ಷದಿಂದ ಕೆಲಸ ಮಾಡಾಕತ್ತೇನಿ.

ಕಡೀ ಗುಟುಕು ಕುಡಿದು ಆರು ತಾಸಿನಿಂದ ನಡುಕ, ಬೆವರು, ವಾಂತಿ ಶುರು ಆಗತಾವ. ಮೊದಲ ಎರಡು ದಿನದಾಗ ಫಿಟ್ಸ್ ಬರಬಹುದು. ಎರಡ ದಿನ ದಾಟಿದ ಮ್ಯಾಲೆ ಕೆಲವರಿಗೆ ಚಿತ್ತಭ್ರಮೆ ಹತ್ತತದ. ಇಲ್ಲದ ಹುಳ ಕಾಣತಾವ, ಇಲ್ಲದ ಮಂದಿ ಮಾತಾಡತಾರ. ನಮ್ಮ ವಾರ್ಡಿಗೆ ಒಬ್ಬರು ನೇಕಾರರು ಬಂದಿದ್ರು. ಮೂರನೇ ರಾತ್ರಿ ಹಾಸಿಗಿ ಮ್ಯಾಲ ಕುಂತು ಕಾಲಿಲೆ ಮಗ್ಗ ತುಳಿಯಾಕತ್ತಿದ್ರು, ಕೈಯಾಗ ಲಾಳಿ ಇದ್ದಂಗ ಎಡಕ ಬಲಕ ಎಸೀತಿದ್ರು, ನಡುವ "ನೂಲು ಹರೀತು" ಅಂತ ಬಾಗಿ ಗಂಟು ಹಾಕತಿದ್ರು. ಹೆಂಡತಿ ಬಾಗಲಾಗ ನಿಂತು ದೆವ್ವ ಬಡದೈತಿ ಅಂತ ಅಳತಿದ್ಲು. ಅದು ದೆವ್ವ ಅಲ್ರಿ, ಡಿಲೀರಿಯಂ ಅಂತಾರ. ನಮ್ಮ ಕಡೆ ಎಷ್ಟೋ ಮಂದಿ ಇದಕ್ಕ ತಾಯಿತ ಕಟ್ಟಿಸಿ, ನಿಂಬಿಹಣ್ಣು ಇಳಿಸಿ, ಎರಡ ದಿನ ಕಳದು ಆಸ್ಪತ್ರಿಗೆ ತರತಾರ. ಆ ಎರಡ ದಿನದಾಗ ಜೀವ ಹೋಗಿದ್ದನ್ನೂ ನೋಡೇನಿ.

ಆಸ್ಪತ್ರ್ಯಾಗ ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಅಂಥಾ ನಡುಕ, ಫಿಟ್ಸ್ ತಡಿಯೂ ಮಾತ್ರಿಗಳನ್ನ ಲೆಕ್ಕ ಹಾಕಿ ಕೊಟ್ಟು, ದಿನಾ ಸ್ವಲ್ಪ ಸ್ವಲ್ಪ ಇಳಿಸಿಕೋತ ಬರತಾರ. ಯಕೃತ್ತು ಕೆಟ್ಟಿದ್ರ ಲೊರಾಜೆಪಾಮ್ ಆರಿಸತಾರ. ಸುಮಾರಾಗಿ ಒಂದ ವಾರದ ಕೆಲಸ.

ಇನ್ನೊಂದು, ಬಾಳ ಮಂದಿಗೆ ಗೊತ್ತಿಲ್ಲದ್ದು. ಸುಸ್ತಾಗ್ಯಾರ ಅಂತ ಓಣಿ ಕ್ಲಿನಿಕ್ಕಿನ್ಯಾಗ ಗ್ಲೂಕೋಸ್ ಬಾಟ್ಲಿ ಏರಸತಾರಲ್ಲ, ದಿನಾ ಕುಡಿಯೋರಿಗೆ ಅದನ್ನ ಏರಸೂ ಮೊದಲ ಥಯಾಮಿನ್, ಅಂದ್ರ ಬಿ1 ಇಂಜೆಕ್ಷನ್ ಕೊಡಬೇಕು. ಕುಡಿಯೋರ ಮೈಯಾಗ ಬಿ1 ಬತ್ತಿ ಹೋಗಿರತದ. ಬರೇ ಗ್ಲೂಕೋಸ್ ಹೋದ್ರ ಉಳಿದಿದ್ದೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳತದ. ಕಣ್ಣಿನ ಚಲನೆ ತಪ್ಪತದ, ನಡಿಗಿ ವಾಲತದ, ನೆನಪು ಹೋದ್ರ ತಿರುಗಿ ಬರೂದು ಕಷ್ಟ. ಡ್ರಿಪ್ ಹಾಕೂ ಮುಂದ "ಇವರು ದಿನಾ ಕುಡೀತಾರ" ಅಂತ ಬಾಯಿ ಬಿಟ್ಟು ಹೇಳ್ರಿ. ನಾಚಿಕೊಂಡು ಮುಚ್ಚಿಡಬ್ಯಾಡ್ರಿ.

ಮನೋವೈದ್ಯ ಪಿ.ಜಿ.
ಸಿಸ್ಟರ್ ಹೇಳಿದ ಮೇಲೆ ವಿತ್‌ಡ್ರಾವಲ್ (ಕುಡಿತ ನಿಂತಾಗ ಮೈಗೆ ಆಗುವ ತೊಂದರೆ) ಬಗ್ಗೆ ನಾನು ಸೇರಿಸೋದೇನೂ ಇಲ್ಲ. ನಿಮ್ಮ ಮುಖ್ಯ ಪ್ರಶ್ನೆಗೆ ಬರ್ತೀನಿ.

ನಿಮ್ಮ ಮಾವನ ಮಾತಲ್ಲೂ ಅರ್ಧ ಸತ್ಯ ಇದೆ, ಅತ್ತಿಗೆ ಮಾತಲ್ಲೂ ಅರ್ಧ ಇದೆ. ಮದ್ಯ ಮಿದುಳನ್ನು ಮಂಕು ಮಾಡುವ ವಸ್ತು. ದಿನಾ ಕುಡಿಯುವವರಲ್ಲಿ ಕಾಣುವ ದುಃಖ, ನಿದ್ದೆಗೆಡುವುದು, ನಿರಾಸೆ, ಇವೆಲ್ಲ ಮದ್ಯದಿಂದಲೇ ಬಂದಿರಬಹುದು. ಹಾಗಿದ್ದರೆ ಕುಡಿತ ನಿಂತು ಎರಡರಿಂದ ನಾಲ್ಕು ವಾರದಲ್ಲಿ ಬಹಳಷ್ಟು ಇಳಿಯುತ್ತದೆ. ಇನ್ನು ಕೆಲವರಲ್ಲಿ ಖಿನ್ನತೆಯೋ ಆತಂಕವೋ ಮೊದಲೇ ಇದ್ದು, ಅದನ್ನು ತಡೆದುಕೊಳ್ಳಲು ಕುಡಿತಕ್ಕೆ ಬಿದ್ದಿರುತ್ತಾರೆ. ಇದು ಕುಡಿತ ನಿಂತ ಮೇಲೂ ಹೋಗುವುದಿಲ್ಲ, ಕೆಲವೊಮ್ಮೆ ಇನ್ನೂ ಎದ್ದು ಕಾಣುತ್ತದೆ. ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ವಿಪರೀತ ಉತ್ಸಾಹಕ್ಕೆ, ಒಮ್ಮೆ ಆಳದ ಖಿನ್ನತೆಗೆ ಹೋಗುವುದು), ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಹಳೆಯ ಆಘಾತ ಇವೂ ಹಿಂದೆ ಅಡಗಿರಬಹುದು. ಎರಡೂ ಒಟ್ಟಿಗೆ ಇರುವುದಕ್ಕೆ ನಾವು ಡ್ಯುಯಲ್ ಡಯಾಗ್ನೋಸಿಸ್ ಅಂತೀವಿ.

ಯಾವುದು ಮೊದಲು ಬಂತು ಅಂತ ತಿಳಿಯೋಕೆ ನಾವು ಕೇಳುವ ಪ್ರಶ್ನೆಗಳು ತುಂಬಾ ಸರಳ. ಕುಡಿತ ಹಿಡಿಯುವ ಮುಂಚೆ, ಕಾಲೇಜಿನ ದಿನಗಳಲ್ಲಿ, ಹೀಗೆ ಮಂಕಾಗಿದ್ದ ತಿಂಗಳುಗಳು ಇದ್ದವಾ? ಮಧ್ಯೆ ಯಾವಾಗಲಾದರೂ ಪೂರ್ತಿ ಬಿಟ್ಟಿದ್ದಾಗ ಮನಸ್ಸು ಹೇಗಿತ್ತು? ಮನೆತನದಲ್ಲಿ ಯಾರಿಗಾದರೂ ಖಿನ್ನತೆ ಇತ್ತಾ, ಆತ್ಮಹತ್ಯೆ ಆಗಿತ್ತಾ? ಇದಕ್ಕೆ ಉತ್ತರ ಕೊಡೋಕೆ ಅಮ್ಮನೋ ಅತ್ತಿಗೆಯೋ ಜೊತೆಗೆ ಬಂದರೆ ಒಳ್ಳೆಯದು.

ಆದರೆ "ಮೊದಲು ಕುಡಿತ ಬಿಟ್ಟು ಬನ್ನಿ" ಅಂತ ಕಳಿಸುವುದು ತಪ್ಪು. ಬಿಡಿಸುವುದೇ ನಮ್ಮ ಕೆಲಸ. ಇನ್ನು "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತಿಗೆ ನಾಲ್ಕು ವಾರ ಕಾಯಬೇಡಿ. ಆತ್ಮಹತ್ಯೆಯ ಯೋಚನೆ ಮದ್ಯದಿಂದ ಬಂದಿರಲಿ, ಕಾಯಿಲೆಯಿಂದ ಬಂದಿರಲಿ, ಅಪಾಯ ಒಂದೇ. ಅವರನ್ನು ನೇರವಾಗಿ ಕೇಳಿ: "ಅಣ್ಣಾ, ಸಾಯೋ ಯೋಚನೆ ಬರ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಎದೆ ಹಗುರಾಗುತ್ತದೆ. ಮನೆಯಲ್ಲಿ ತೋಟಕ್ಕೆ ತಂದ ಕ್ರಿಮಿನಾಶಕ ಇದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ. ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್.

ಮತ್ತೆ ಆ ನಿದ್ದೆ ಮಾತ್ರೆ. ಮದ್ಯದ ಮೇಲೆ ನಿದ್ದೆ ಮಾತ್ರೆ ನುಂಗಿದರೆ ಉಸಿರಾಟವೇ ಕುಗ್ಗಬಹುದು. ಆ ಮಾತ್ರೆಯ ಸ್ಟ್ರಿಪ್ ನಿಮ್ಮ ಕೈಲಿರಲಿ.

ಕೆರೆ ಏರಿ, ಮಂಡ್ಯ
ತಂಗಿ, ನಾನೂ ಕುಡೀತಿದ್ದೋನೆ. ನಿಮ್ಮಣ್ಣನ ಕತೆ ಓದ್ತಾ ನನ್ ಕತೆ ಓದ್ದಂಗಾಯ್ತು.

ಚಿಕ್ಕೋನಾಗಿದ್ದಾಗಿಂದ ನಂಗೆ ಭಯ. ನಾಕ್ ಜನ ಸೇರಿರೋ ಕಡೆ ಹೋಗೋಕ್ಕೇ ಎದೆ ಡವಡವ ಅನ್ನೋದು. ಸೊಸೈಟೀಲಿ ಹಾಲಳೆಸೋಕ್ ನಿಂತ್ರೂ ಎಲ್ರೂ ನನ್ನೇ ನೋಡ್ತಾವ್ರೆ ಅನ್ಸೋದು. ಮೊದಲ ಸಲ ಕುಡ್ದಾಗ ಆ ಭಯ ಹೊಂಟೋಯ್ತು. ಅದಕ್ಕೇ ಕುಡ್ದೆ, ಮಜಾಕ್ಕಲ್ಲ. ಊರೋರು ಎಲ್ಲಾ ಕುಡುಕ ಅಂದ್ರು, ಈ ಭಯದ ವಿಚಾರ ಒಬ್ರೂ ಕೇಳ್ನಿಲ್ಲ. ಬಿಡ್ಸಿದ್ರು, ಮತ್ತೆ ಕುಡ್ದೆ. ಮತ್ತೆ ಬಿಡ್ಸಿದ್ರು, ಮತ್ತೆ ಕುಡ್ದೆ. ಬಿಟ್ಟಾಗೆಲ್ಲಾ ಆ ಭಯ ಬಾಗ್ಲಲ್ಲೇ ಕಾಯ್ತಿರೋದು.

ಕೊನೆಗೆ ಒಬ್ಬ ಡಾಕ್ಟ್ರಮ್ಮ "ಕುಡಿಯೋಕ್ ಮುಂಚೆ ನಿಮ್ಗೆ ಏನಾಗ್ತಿತ್ತು?" ಅಂತ ಕೇಳುದ್ರು. ಅಷ್ಟೇ ಕಣವ್ವ, ಅವತ್ತು ಅರ್ಧ ಗಂಟೆ ಅತ್ತೆ. ಭಯಕ್ಕೆ ಬೇರೆ ಮಾತ್ರೆ ಕೊಟ್ರು, ಕೌನ್ಸೆಲಿಂಗ್ ಮಾಡುದ್ರು. ಜನಗಳ ಮಧ್ಯೆ ಹೋಗೋದನ್ನ ಒಸಿ ಒಸಿನೇ ಅಭ್ಯಾಸ ಮಾಡ್ಸುದ್ರು. ಮೊದ್ಲು ಅಂಗ್ಡಿಗೆ ಹೋಗಿ ಒಂದು ಸಾಮಾನು ಕೇಳು, ಆಮೇಲೆ ಒಂದು ಮದ್ವೆಗೋಗಿ ಅರ್ಧ ಗಂಟೆ ಇದ್ದು ಬಾ, ಅಂಗೆ.

ಜೊತೆಗೆ ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್) ಮೀಟಿಂಗ್‌ಗೂ ಹೋಯ್ತೀನಿ. 1935ರಲ್ಲಿ ಅಮೆರಿಕದಲ್ಲಿ ಇಬ್ರು ಕುಡುಕ್ರೇ ಸೇರ್ಕೊಂಡು ಕಟ್ಟಿದ್ದು ಅದು. ಕನ್ನಡದಲ್ಲೇ ಮಾತಾಡೋ ಗುಂಪುಗಳವೆ, ಫೀಸಿಲ್ಲ, ಕುಡಿಯೋದು ಬಿಡ್ಬೇಕು ಅನ್ನೋ ಆಸೆ ಒಂದಿದ್ರೆ ಸಾಕು. ಕೆಲವ್ರು ಅಲ್ಲಿ "ಮಾತ್ರೆನೂ ಒಂದು ಚಟವೇ, ಬಿಟ್ಬುಡು" ಅಂತಾರೆ. ಕೇಳ್ಬ್ಯಾಡಿ. ಮಾತ್ರೆ ವಿಚಾರ ಡಾಕ್ಟ್ರಿಗೆ ಬಿಡಿ ಅಂತ ಎ.ಎ.ಯೋರ ಪುಸ್ತಕದಲ್ಲೇ ಅದೆ.

ಇಳಕಲ್ ಮಂದಿ
ಎಲ್ಲಾರೂ ಡಾಕ್ಟರು, ಮಾತ್ರಿ ಅಂತ ಹೇಳಾಕತ್ತೀರಿ. ನನಗ ಒಂದು ಮಾತು ಹೇಳಬೇಕೈತಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮಠದ ಮಹಾಂತ ಅಪ್ಪಗಳು ಜೋಳಿಗಿ ಹಾಕ್ಕೊಂಡು ಊರೂರು ತಿರುಗಿ, ರೊಕ್ಕ ಬ್ಯಾಡ, ಕಾಳು ಬ್ಯಾಡ, ದುಶ್ಚಟ ಹಾಕ್ರಿ ಅಂತ ಬೇಡಿದ್ರು. ಎಷ್ಟು ಮಂದಿ ಆ ಜೋಳಿಗ್ಯಾಗ ಬೀಡಿ ಕಟ್ಟು, ಗುಟಕಾ ಚೀಟಿ, ಬಾಟ್ಲಿ ಹಾಕಿ ಕೈಮುಗಿದು ಬಿಟ್ಟರು! ಅವರ ಹುಟ್ಟಿದ ದಿನ ಆಗಸ್ಟ್ 1ನ್ನ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಸತೈತಿ. ನಮ್ಮ ಸ್ವಂತ ಕಾಕಾ ಹಂಗ ಬಿಟ್ಟವರು, ಸಾಯುತನ ಮುಟ್ಟಲಿಲ್ಲ. ಮನಸ್ಸು ಗಟ್ಟಿ ಮಾಡಿದ್ರ ಆಗತೈತಿ. ಎಲ್ಲಾದಕ್ಕೂ ಕಾಯಿಲೆ ಅಂತ ಹೆಸರಿಟ್ರ ಮನಷ್ಯಾಗ ತನ್ನ ಜವಾಬ್ದಾರಿ ಎಲ್ಲಿ ಉಳೀತು?

ಮನೋವೈದ್ಯ ಪಿ.ಜಿ.
@ಇಳಕಲ್ ಮಂದಿ, ಸಿಟ್ಟು ಯಾಕೆ ಸರ್. ನಿಮ್ಮ ಕಾಕಾ ಬಿಟ್ಟಿದ್ದು ನಿಜ, ಅದರ ಹಿಂದಿನ ಶಕ್ತಿಯೂ ನಿಜ. ತನ್ನೂರಿನ ಎದುರು, ತಾನು ನಂಬಿದ ಗುರುಗಳ ಎದುರು ಮಾತು ಕೊಡುವುದು ದೊಡ್ಡ ವಿಷಯ. ಕೌನ್ಸೆಲಿಂಗ್‌ನಲ್ಲಿ ಮೋಟಿವೇಶನಲ್ ಇಂಟರ್‌ವ್ಯೂ ಅನ್ನುವ ಪದ್ಧತಿ ಇದೆ. 1983ರಲ್ಲಿ ವಿಲಿಯಂ ಮಿಲ್ಲರ್ ಅದನ್ನು ಮೊದಲು ಬರೆದು ವಿವರಿಸಿದರು. ಬೈಯದೆ, ಉಪದೇಶ ಮಾಡದೆ, ಬಿಡಬೇಕು ಅನ್ನುವ ಮಾತು ಆ ಮನುಷ್ಯನ ಬಾಯಿಂದಲೇ ಬರುವ ಹಾಗೆ ಮಾಡುವುದೇ ಅದರ ಕೆಲಸ.

ಆದರೆ ಕುಡಿಯುವವರೆಲ್ಲ ಒಂದೇ ಹಂತದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕುಡಿತದ ಮಟ್ಟ ಅಳೆಯಲು ಆಡಿಟ್ ಅಂತ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದವರಿಗೆ ಒಂದು ಒಳ್ಳೆಯ ಮಾತುಕತೆಯೇ ಸಾಕಾಗಬಹುದು. 20 ಅಥವಾ ಹೆಚ್ಚು ಬಂದವರಲ್ಲಿ ಅವಲಂಬನೆ ಇರುವ ಸಾಧ್ಯತೆ ಹೆಚ್ಚು. ಬೆಳಗ್ಗೆ ಕುಡಿಯದೆ ಕೈ ನಿಲ್ಲದವರು ಮನಸ್ಸು ಗಟ್ಟಿ ಮಾಡಿಕೊಂಡು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವುದು ಅವರ ಮನಸ್ಸಿನ ದೌರ್ಬಲ್ಯದಿಂದಲ್ಲ. ಜವಾಬ್ದಾರಿ ಉಳಿದೇ ಉಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರು ಇನ್ಸುಲಿನ್ ತಗೊಂಡರೂ ಊಟದ ಪಥ್ಯ ಅವರ ಜವಾಬ್ದಾರಿಯೇ ಅಲ್ವಾ.

ಘಟ್ಟದ ಕೆಳಗಿನವ
ನಾನು ಊರಿನ ಮದ್ಯವರ್ಜನ ಶಿಬಿರದಲ್ಲಿ ಸ್ವಯಂಸೇವಕನಾಗಿ ಕೆಲಸ ಮಾಡಿದವ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವಂಥದ್ದು, ಎಂಟು ದಿನ ಇರ್ತದೆ. ಶಿಬಿರದ ಬಗ್ಗೆ ಗೊತ್ತಿಲ್ಲದವರು ಅದು ಬರೀ ಭಜನೆ ಅಂತ ತಿಳ್ಕೊಳ್ತಾರೆ. ಹಾಗಲ್ಲ ಮಾರಾಯ್ರೆ. ಬೆಳಿಗ್ಗೆ ಎದ್ದು ವ್ಯಾಯಾಮ, ಹೊತ್ತಿಗೆ ಸರಿಯಾಗಿ ಊಟ, ಗುಂಪಿನಲ್ಲಿ ಕೂತು ಮಾತು, ಕೊನೆಗೆ ಹೆಂಡತಿ ಮಕ್ಕಳನ್ನು ಕರೆಸಿ ಎದುರು ಬದುರು ಕೂರಿಸ್ತಾರೆ. ಅಷ್ಟು ವರ್ಷ ಮಾತೇ ಬಿಟ್ಟ ಗಂಡ ಹೆಂಡತಿ ಅಲ್ಲಿ ಮಾತಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮುಗಿದ ಮೇಲೆ ನವಜೀವನ ಸಮಿತಿ ಅಂತ ಉಂಟು, ಬಿಟ್ಟವರೆಲ್ಲ ಸೇರ್ತಾರೆ. ನನ್ನ ಅನುಭವದಲ್ಲಿ ಆ ಸಮಿತಿಗೆ ತಪ್ಪದೆ ಬರುವವರು ಹೆಚ್ಚು ಕಾಲ ನಿಲ್ತಾರೆ.

ಆದರೆ ತಂಗಿ, ನಿಮ್ಮಣ್ಣನ ಬಗ್ಗೆ ಬರೆದದ್ದನ್ನು ನೋಡಿದರೆ ನೇರ ಶಿಬಿರಕ್ಕೆ ಕಳಿಸುವುದು ಬೇಡ ಅಂತ ನಾನೇ ಹೇಳ್ತೇನೆ. ಬೆಳಿಗ್ಗೆ ನಡುಕ ಉಂಟು, ಸಾಯುವ ಮಾತು ಉಂಟು. ಮೊದಲು ಆಸ್ಪತ್ರೆಯಲ್ಲಿ ಮೈ ಸ್ಥಿರ ಆಗಲಿ, ಮನೋವೈದ್ಯರು ನೋಡ್ಲಿ. ಶಿಬಿರವೋ ಎ.ಎ.ಯೋ ಆಮೇಲೆ. ಹೋಗುವಾಗ ಮಾತ್ರೆಯ ಚೀಟಿ ಹಿಡ್ಕೊಂಡು ಹೋಗ್ಲಿ.

ರಾಯಚೂರು ಅಕ್ಕ
ಅಮ್ಮಗ ಹೇಳ್ರಿ ತಂಗಿ, ಆ ಪುಡಿ ಬ್ಯಾಡ. ನನ್ನ ಗಂಡಗ ನಮ್ಮತ್ತಿ ಹಿಂಗ ಯಾರೋ ಕೊಟ್ಟ ಪುಡಿ ಸಾರಿನ್ಯಾಗ ಹಾಕಿದ್ರು. ಅವತ್ತ ಸಂಜೀಕ ಕುಡದು ಬಂದವ್ರು ಮುಖ ಕೆಂಪಾಗಿ, ವಾಂತಿ ಆಗಿ, ಎದಿ ಹಿಡಕೊಂಡು ಬಿದ್ದ್ರು. ಅದ್ರಾಗ ಏನಿತ್ತೋ ಇವತ್ತಿಗೂ ಗೊತ್ತಿಲ್ಲ. ಉಳದ್ರು, ಅದ ದೊಡ್ಡದು. ಆದ್ರ ಗೊತ್ತಾದ ಮ್ಯಾಲ ಮನ್ಯಾಗ ಮಾಡಿದ ಊಟ ನಂಬಲಿಲ್ಲ. ತಟ್ಟಿ ಮುಂದಿಟ್ರ ಮೊದಲ ನನ್ನ ಮುಖ ನೋಡತಿದ್ರು.

ಇನ್ನೊಂದು ಹೇಳತೀನಿ. 2007ರಾಗ ಸಾರಾಯಿ ಬಂದ್ ಮಾಡಿದ್ರು, ಛಲೋ ಆತು ಅಂದ್ಕೊಂಡ್ವಿ. ಈಗ ಕಿರಾಣಿ ಅಂಗಡ್ಯಾಗ, ಹೋಟೆಲಿನ್ಯಾಗ ಕದ್ದು ಮಾರತಾರ. 2019ರ ಜನವರ್ಯಾಗ ನಮ್ಮ ಕಡಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರು ತನಕ ನಡಕೊಂಡು ಹೋದ್ರು, ಮದ್ಯ ನಿಲ್ಲಸ್ರಿ ಅಂತ. ಆಸ್ಪತ್ರಿಂದ ಬಂದ ಮನಷ್ಯಾ ಮನೀ ಮುಟ್ಟೂದ್ರಾಗ ಮೂರು ಕಡೆ ಬಾಟ್ಲಿ ಕಂಡ್ರ ಯಾವ ಮಾತ್ರಿ ಏನು ಮಾಡೀತು? ಚಿಕಿತ್ಸಾ ಬೇಕು, ಹೌದು. ಊರಾಗ ಕದ್ದು ಮಾರೂದೂ ನಿಲ್ಲಬೇಕು.

ಮನೋವೈದ್ಯ ಪಿ.ಜಿ.
@ರಾಯಚೂರು ಅಕ್ಕ ಹೇಳಿದ ಲಕ್ಷಣಗಳನ್ನು ನೋಡಿದರೆ ಆ ಪುಡಿಯಲ್ಲಿ ಡೈಸಲ್ಫಿರಾಂ ಇದ್ದಿರಬಹುದು. ಅದು ನಿಜವಾದ ಔಷಧವೇ. ಮದ್ಯ ದೇಹದಲ್ಲಿ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಅನ್ನುವ ವಿಷವನ್ನು ಮುಂದಕ್ಕೆ ಒಡೆಯಲು ಬಿಡುವುದಿಲ್ಲ. ಕುಡಿದರೆ ಮುಖ ಕಾಯುತ್ತದೆ, ವಾಂತಿ, ಎದೆಬಡಿತ, ಬಿಪಿ ಕುಸಿತ. ಪೂರ್ತಿ ತಿಳಿದು, ಒಪ್ಪಿ, ಮನೆಯವರ ಎದುರು ನುಂಗುವವರಿಗೆ ಇದು ಕೆಲಸ ಮಾಡುತ್ತದೆ. ಕದ್ದು ಕೊಟ್ಟರೆ ಹೃದಯದ ತೊಂದರೆ ಇರುವವರು ಸಾಯಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇದರ ಪರಿಣಾಮ ಇರಬಹುದು.

ಬೇರೆ ಔಷಧಗಳೂ ಇವೆ. ನಾಲ್‌ಟ್ರೆಕ್ಸೋನ್ ಕುಡಿತದಿಂದ ಸಿಗುವ ಸುಖವನ್ನೂ ಸೆಳೆತವನ್ನೂ ಕುಗ್ಗಿಸುತ್ತದೆ. ಟ್ರಾಮಡಾಲ್‌ನಂಥ ನೋವಿನ ಮಾತ್ರೆ ತಗೊಳ್ಳುವವರಿಗೆ ಕೊಡುವ ಹಾಗಿಲ್ಲ. ಅಕಾಂಪ್ರೊಸೇಟ್ ಮೂತ್ರಪಿಂಡದ ಮೂಲಕ ಹೊರಹೋಗುತ್ತೆ, ಹಾಗಾಗಿ ಯಕೃತ್ತು ದುರ್ಬಲ ಇರುವವರಿಗೆ ಅನುಕೂಲ. ಯಾವುದನ್ನು ಯಾರಿಗೆ ಅನ್ನುವುದು ರಕ್ತಪರೀಕ್ಷೆ ನೋಡಿದ ಮೇಲೆ ನಿರ್ಧಾರ ಆಗಬೇಕು. ಖಿನ್ನತೆ ಉಳಿದರೆ ಅದಕ್ಕೆ ಬೇರೆಯೇ ಮಾತ್ರೆ, ಅದು ಹಿಡಿಯೋಕೆ ಎರಡು ಮೂರು ವಾರ ಬೇಕು, ಅದಕ್ಕೆ ಚಟ ಹತ್ತುವುದಿಲ್ಲ. ಚಟ ಹತ್ತುವುದು ಅಂಗಡಿಯಲ್ಲಿ ಚೀಟಿ ಇಲ್ಲದೆ ತಂದು ನುಂಗುವ ಆಲ್‌ಪ್ರಜೊಲಾಮ್‌ನಂಥ ನಿದ್ದೆ, ಆತಂಕದ ಮಾತ್ರೆಗಳು.

ಹೆಬ್ಬಾಳದ ಅಮ್ಮ
ಕುಡಿತದ ಮಧ್ಯೆ ನನ್ನ ವಿಷಯ ಬೇರೆ ಅನ್ನಿಸಬಹುದು, ಆದರೆ ಬೇರೆ ಅಲ್ಲ. ನನ್ನ ಮಗ ಒಂದು ತೊಟ್ಟು ಕುಡಿದವನಲ್ಲ. ಅವನಿಗೆ ಹಿಡಿದಿದ್ದು ಮೊಬೈಲ್ ರಮ್ಮಿ ಮತ್ತು ಕ್ರಿಕೆಟ್ ಬೆಟ್ಟಿಂಗ್. ಒಳ್ಳೆ ಕೆಲಸ, ಒಳ್ಳೆ ಸಂಬಳ. ಒಂದು ದಿನ ಸಾಲದ ಆ್ಯಪ್‌ನವರು ನನ್ನ ಫೋನಿಗೇ ಕರೆ ಮಾಡಿದಾಗ ಗೊತ್ತಾಯ್ತು. ಸಾಲ ತೀರಿಸೋಕೆ ಆಟ, ಆಟಕ್ಕೆ ಇನ್ನೊಂದು ಸಾಲ. ರಾತ್ರಿ ಮೂರು ಗಂಟೆಗೆ ಬಚ್ಚಲಮನೆಯಲ್ಲಿ ಕೂತು ಆಡ್ತಿದ್ದ. ಸಾಯಬೇಕು ಅನ್ನುವ ತನಕ ಹೋಗಿತ್ತು.

2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡು ಕಟ್ಟುವ ಆಟಗಳನ್ನೆಲ್ಲ ನಿಷೇಧಿಸಿದರು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಮಗ ಅಲ್ಲಿಂದ ಷೇರು ಮಾರುಕಟ್ಟೆಯ ಆಪ್ಷನ್ ಟ್ರೇಡಿಂಗ್‌ಗೆ ಹೋದ! ಅದೇ ಕೈ, ಅದೇ ರಾತ್ರಿ. ಆಗ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದ್ವಿ. ಅಲ್ಲಿ ಶಟ್ ಕ್ಲಿನಿಕ್ ಅಂತ 2014ರಿಂದಲೇ ಇದೆ, ಮೊಬೈಲು, ಗೇಮು ಇಂಥದ್ದಕ್ಕೇ ಅಂತ. ಮಾತಾಡ್ತಾ ಮಾತಾಡ್ತಾ ಗೊತ್ತಾಗಿದ್ದು ಅವನಿಗೆ ಚಿಕ್ಕಂದಿನಿಂದ ಎಡಿಎಚ್‌ಡಿ ಇತ್ತು ಅಂತ. ಒಂದು ಕಡೆ ಕೂರಲ್ಲ, ಪರೀಕ್ಷೆಯ ಹಿಂದಿನ ರಾತ್ರಿಯ ತನಕ ಪುಸ್ತಕ ಮುಟ್ಟಲ್ಲ, ಕೈಗೆ ದುಡ್ಡು ಸಿಕ್ಕ ತಕ್ಷಣ ಖರ್ಚು. ನಾವೆಲ್ಲ ತುಂಟ ಅಂದುಕೊಂಡು ಬೆಳೆಸಿದ್ದು. ಈಗ ಅದಕ್ಕೂ ಚಿಕಿತ್ಸೆ ನಡೀತಿದೆ, ಖಿನ್ನತೆಗೂ ನಡೀತಿದೆ. ಸಂಬಳ ಅವನ ಹೆಂಡತಿ ಖಾತೆಗೆ ಹೋಗತ್ತೆ, ಯುಪಿಐಗೆ ಮಿತಿ ಹಾಕಿದ್ದೀವಿ. ಸಾಲದ ಪೂರ್ತಿ ಪಟ್ಟಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು ಅಂತ ಕೌನ್ಸೆಲರ್ ಹೇಳಿದರು. ಮುಚ್ಚಿಟ್ಟ ಸಾಲವೇ ಮತ್ತೆ ಆಟಕ್ಕೆ ಎಳೆಯೋದಂತೆ.

ನೆಂಟರ ಹತ್ತಿರ ಇವನ್ನೆಲ್ಲ ಹೇಳಿಕೊಂಡರೆ "ಬುದ್ಧಿ ಹೇಳಿ" ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ ಜೂಜನ್ನೂ ಗೇಮಿಂಗನ್ನೂ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿದೆ ಅಂತ ಈಗ ನಾನೇ ಅವರಿಗೆ ಹೇಳ್ತೀನಿ.

ಕಪ್ಪು ಕೋಟು
ಕಾನೂನಿನ ಕಡೆಯಿಂದ ನಾಲ್ಕು ಮಾತು, ಯಾಕೆಂದರೆ ಇಂಥ ಪ್ರಕರಣ ನನ್ನ ಮೇಜಿಗೂ ಬರುತ್ತವೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಯೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಬರುತ್ತದೆ. ಹಾಗಾಗಿ ನಿಮ್ಮಣ್ಣನಿಗೆ ರೋಗಿಯ ಎಲ್ಲ ಹಕ್ಕೂ ಇದೆ. ಅವರೇ ಒಪ್ಪಿ ದಾಖಲಾದರೆ ಸೆಕ್ಷನ್ 86, ಸ್ವತಂತ್ರ ದಾಖಲಾತಿ. ಅವರಿಗಾಗಲಿ ಇತರರಿಗಾಗಲಿ ಗಂಭೀರ ಅಪಾಯ ಇದ್ದು, ನಿರ್ಧಾರ ಮಾಡುವ ಸ್ಥಿತಿಯಲ್ಲಿ ಅವರು ಇಲ್ಲದಿದ್ದರೆ ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲುವವರ) ಅರ್ಜಿಯ ಮೇಲೆ ಸೆಕ್ಷನ್ 89ರಲ್ಲಿ 30 ದಿನದವರೆಗೆ ದಾಖಲಿಸಬಹುದು. ಸೆಕ್ಷನ್ 95ರ ಪ್ರಕಾರ ಯಾರನ್ನೂ ಸರಪಳಿ ಹಾಕಿ ಕಟ್ಟುವ ಹಾಗಿಲ್ಲ.

ಖಾಸಗಿ ಕೇಂದ್ರಕ್ಕೆ ಸೇರಿಸುವ ಮುಂಚೆ ಅದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಮನೆಯವರು ನೋಡಲು ಬಿಡುತ್ತಾರಾ, ಫೋನ್ ಮಾಡಬಹುದಾ ಅಂತಲೂ ಕೇಳಿ. ನನ್ನ ಹತ್ತಿರ ಬಂದ ಒಬ್ಬ ಹುಡುಗನನ್ನು ಅಂಥದ್ದೊಂದು ಕಡೆಯವರು ರಾತ್ರಿ ಮನೆಗೆ ಬಂದು ಜೀಪಿನಲ್ಲಿ ಹೊತ್ತುಕೊಂಡು ಹೋಗಿ, ತಿಂಗಳುಗಟ್ಟಲೆ ಕಿಟಕಿ ಇಲ್ಲದ ಕೋಣೆಯಲ್ಲಿ ಇಟ್ಟಿದ್ದರು. ಅವನಿಗೆ ಇದ್ದದ್ದು ಬೈಪೋಲಾರ್ ಕಾಯಿಲೆ. ಅಲ್ಲಿ ಒಂದು ಮಾತ್ರೆಯೂ ಕೊಟ್ಟಿರಲಿಲ್ಲ. ಆಚೆ ಬಂದ ವಾರದಲ್ಲೇ ಮತ್ತೆ ಕುಡಿದ. ಕುಡಿಯದೆ ಏನು ಮಾಡಿಯಾನು?

ವಾರ್ಡ್ ಸಿಸ್ಟರ್ (ಧಾರವಾಡ ಕಡೆ)
ನಿಮಗ ಬೆಂಗಳೂರು ತನಕ ಹೋಗೂ ಅವಶ್ಯಕತಿ ಇಲ್ಲ ತಂಗೆವ್ವಾ. ತುಮಕೂರು ಜಿಲ್ಲಾ ಆಸ್ಪತ್ರ್ಯಾಗ ಮನೋವೈದ್ಯರು ಇರತಾರ. ತಾಲ್ಲೂಕು ಆಸ್ಪತ್ರಿಗೆ ಮಂಗಳವಾರ ಮನೋಚೈತನ್ಯ ಅನ್ನೂ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಬರತಾರ, ಯಾವ ಮಂಗಳವಾರ ಅಂತ ಅಲ್ಲೇ ವಿಚಾರಸ್ರಿ. ನಡುಕ ಇರೂದಕ್ಕ ಮೊದಲ ಜಿಲ್ಲಾ ಆಸ್ಪತ್ರ್ಯಾಗ ದಾಖಲ ಮಾಡ್ರಿ. 2019ರಾಗ ದಿಲ್ಲಿ ಏಮ್ಸ್ ಆಸ್ಪತ್ರಿಯವರು ದೇಶದ ಲೆಕ್ಕ ಕೊಟ್ಟಿದ್ರು, ಮದ್ಯಕ್ಕ ಅವಲಂಬಿತರಾದ 38 ಮಂದ್ಯಾಗ ಒಬ್ಬರಿಗಷ್ಟ ಏನಾರ ಒಂದು ಚಿಕಿತ್ಸಾ ಸಿಗತದ ಅಂತ. ಉಳಿದವರು ಮನ್ಯಾಗ ಬೈಸಿಕೋತ, ಹೊಡಸಿಕೋತ ಇರತಾರ. ನಿಮ್ಮಣ್ಣ ಆ ಒಬ್ಬರಾಗಲಿ.

ತಿಪಟೂರಿನ ತಂಗಿ
ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ. ಅವತ್ತು ರಾತ್ರಿಯೇ ಅಣ್ಣನ ಪಕ್ಕ ಕೂತು, ಪಿ.ಜಿ. ಸರ್ ಬರೆದ ಹಾಗೇ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ "ತೋಟದ ಮನೆಗೆ ಹೋದಾಗೆಲ್ಲ ಅನ್ನಿಸತ್ತೆ" ಅಂದ. ಬೆಳಗ್ಗೆ ತೋಟದ ಮನೆಯಲ್ಲಿದ್ದ ಔಷಧಿ ಡಬ್ಬಗಳನ್ನೆಲ್ಲ ಭಾವ ತೆಗೆದುಕೊಂಡು ಹೋದರು. 14416ಕ್ಕೆ ನಾನೇ ಮೊದಲು ಮಾಡಿದೆ, ಆಮೇಲೆ ಅಣ್ಣನೂ ಮಾತಾಡಿದ. ಜಿಲ್ಲಾ ಆಸ್ಪತ್ರೆಗೆ ಸೇರಿಸಿದ್ವಿ. ಡ್ರಿಪ್ ಹಾಕೋಕೆ ಬಂದಾಗ "ದಿನಾ ಕುಡೀತಾರೆ, ಬಿ1 ಕೊಟ್ಟಿದ್ದೀರಾ" ಅಂತ ಕೇಳಿದೆ. ಸಿಸ್ಟರ್ ನಕ್ಕು, ಆಗಲೇ ಕೊಟ್ಟಾಯ್ತಮ್ಮ ಅಂದರು.

ಈಗ ಮನೆಗೆ ಬಂದಿದ್ದಾನೆ. ಕುಡಿತ ನಿಂತು ವಾರಗಳು ಕಳೆದರೂ ದುಃಖ ಇಳಿಯಲಿಲ್ಲ ಅಂತ ಡಾಕ್ಟರು ಖಿನ್ನತೆಗೂ ಮಾತ್ರೆ ಶುರು ಮಾಡಿದರು. ಪಿಯುಸಿಯಲ್ಲಿ ಒಂದು ವರ್ಷ ಹೀಗೇ ಮನೆಯಿಂದ ಆಚೆ ಬರದೆ ಕೂತಿದ್ದ ಅಂತ ಅಮ್ಮನಿಗೆ ಆಗ ನೆನಪಾಯ್ತು. ಕೈ ನಡುಕ ಇಲ್ಲ. ಮಂಡಿಗೆ ಅರ್ಧ ದಿನ ಹೋಗ್ತಿದ್ದಾನೆ.

ಈಗ ಎರಡು ಭಯ. ಮುಂದಿನ ತಿಂಗಳು ಮನೆಯಲ್ಲಿ ಮದುವೆ ಇದೆ, ನೆಂಟರು ಎಳೀತಾರೆ. ಇನ್ನೊಂದು, "ಈಗ ಚೆನ್ನಾಗಿದ್ದೀನಲ್ಲ, ಮಾತ್ರೆ ಯಾಕೆ" ಅಂತ ಕೇಳ್ತಾನೆ.

ಕೆರೆ ಏರಿ, ಮಂಡ್ಯ
ಮದ್ವೆಗೆ ಹೋಗ್ಲಿ, ಆದ್ರೆ ಒಬ್ನೇ ಬ್ಯಾಡ. ಮುಹೂರ್ತಕ್ಕೆ ಹೋಗಿ ಊಟ ಮುಗಿಸ್ಕಂಡು ಬಂದ್ಬುಡ್ಲಿ, ಹಿಂದಿನ್ ದಿನದ ರಾತ್ರಿ ಪಾರ್ಟಿ ಕಡೆ ತಲೆನೂ ಹಾಕ್ಬಾರ್ದು. "ಮಾತ್ರೆ ತಗೊಳ್ತಿದೀನಿ, ಡಾಕ್ಟ್ರು ಬ್ಯಾಡ ಅಂದವ್ರೆ" ಅಂತ ಒಂದೇ ಮಾತು, ಜಾಸ್ತಿ ವಿವರ್ಣೆ ಕೊಡೋಕ್ ಹೋಗ್ಬಾರ್ದು. ಹೊಟ್ಟೆ ಹಸ್ಕಂಡ್ ಹೋಗ್ಬಾರ್ದು. ಹಸಿವು, ಸಿಟ್ಟು, ಒಂಟಿತನ, ಆಯಾಸ, ಈ ನಾಕು ಇದ್ದಾಗ್ಲೇ ಸೆಳ್ತ ಜಾಸ್ತಿ ಅಂತ ನಮ್ ಮೀಟಿಂಗಲ್ಲಿ ಏಳ್ತಾರೆ. ಸೆಳ್ತ ಬಂದ್ರೂ ಒಸಿ ಹೊತ್ತಿಗೆ ಇಳೀತದೆ, ಅಷ್ಟು ಹೊತ್ತು ಯಾರ್ ಜೊತೆನಾದ್ರೂ ಮಾತಾಡ್ತಿರ್ಲಿ. ಅಕಸ್ಮಾತ್ ಒಂದಿನ ಕುಡುದ್ರೂ ಎಲ್ಲಾ ಹೋಯ್ತು ಅಂತ ಕೂರ್ಬ್ಯಾಡಿ, ಮಾರ್ನೇ ದಿನ ಡಾಕ್ಟ್ರತ್ರ ಕರ್ಕಂಡೋಗಿ.

ಮನೋವೈದ್ಯ ಪಿ.ಜಿ.
ಚೆನ್ನಾಗಿರುವುದು ಮಾತ್ರೆಯಿಂದಲೂ ಹೌದು ಅಂತ ಹೇಳಿ. ಖಿನ್ನತೆ ಪೂರ್ತಿ ಇಳಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಮೊದಲೂ ಒಮ್ಮೆ ಬಂದಿತ್ತು ಅಂದಿರಲ್ಲ, ಹಾಗಾಗಿ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ನಿಲ್ಲಿಸುವಾಗಲೂ ಒಮ್ಮೆಲೇ ಅಲ್ಲ, ಡಾಕ್ಟರ ಲೆಕ್ಕದಲ್ಲಿ ನಿಧಾನವಾಗಿ. ಕುಡಿತದ ಸೆಳೆತಕ್ಕೆ ಕೊಟ್ಟ ಮಾತ್ರೆಯೇ ಬೇರೆ, ಇದೇ ಬೇರೆ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನೂ ಬಿಡಬಹುದು ಅಂತ ಅಂದುಕೊಳ್ಳಬಾರದು.

ರಾಯಚೂರು ಅಕ್ಕ
ನಿಮ್ಮ ಅತ್ತಿಗಿ ಹೆಂಗ ಅದಾರ? ಯಾರೂ ಕೇಳಿಲ್ಲ. ನನ್ನ ಗಂಡ ಬಿಟ್ಟ ಮ್ಯಾಲ ಆರೇಳು ತಿಂಗಳಿಗೆ ನನಗ ಎದಿ ಹೊಡಕೊಳ್ಳೂದು, ಸುಮ್ಮಸುಮ್ಮನ ಅಳು ಶುರು ಆತು. ಅವ್ರು ಕುಡಿಯೂ ಮುಂದ ಗಟ್ಟಿ ಇದ್ದಾಕಿ, ಬಿಟ್ಟ ಮ್ಯಾಲ ಬಿದ್ದೆ. ಮನ್ಯಾವ್ರಿಗೆ ಅಂತ ಅಲನಾನ್ ಗುಂಪು ಇರತಾವ. ಅದು ಸಿಗದಿದ್ರ ಆ ಡಾಕ್ಟರಿಗೇ ಹೇಳ್ರಿ, ಅವ್ರನ್ನೂ ನೋಡತಾರ.

ತಿಪಟೂರಿನ ತಂಗಿ
ಅಕ್ಕಾ, ನೀವು ಬರೆದಿದ್ದನ್ನು ಅತ್ತಿಗೆಗೆ ಓದಿ ಹೇಳಿದೆ. ಅಡುಗೆಮನೆಗೆ ಎದ್ದು ಹೋದರು, ಸ್ವಲ್ಪ ಹೊತ್ತಾದ ಮೇಲೆ ಬಂದು "ನನ್ನ ಹೆಸರಲ್ಲೂ ಒಂದು ಚೀಟಿ ಮಾಡಿಸ್ತೀಯಾ" ಅಂದರು. ಮಂಗಳವಾರ ಇಬ್ಬರನ್ನೂ ಕರೆದುಕೊಂಡು ಹೋಗ್ತಿದ್ದೀನಿ. ಮಾತ್ರೆ ನಿಲ್ಲಿಸಲ್ಲ ಸರ್, ಡಬ್ಬಿ ನನ್ನ ಹತ್ತಿರವೇ ಇದೆ.